ಗಾಡಿ ಯಾರ ಹೊಲದ ಮುಂದೆ ನಿಲ್ಲುತ್ತದೆ?

2025ರ ಜನವರಿ 22, ಬುಧವಾರ. ಕುಮಟಾದಲ್ಲಿ ಅಂದು ಸಂತೆ. ಹಾವೇರಿ ಜಿಲ್ಲೆಯ ಸವಣೂರಿನಿಂದ ಹಣ್ಣು, ತರಕಾರಿ ತುಂಬಿಕೊಂಡು ರಾತ್ರಿಯೇ ಹೊರಟಿದ್ದ ಲಾರಿ ಬೆಳಗಿನ ಜಾವ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಹತ್ತು ಜನ ತೀರಿಕೊಂಡರು. ಸಂತೆಯಲ್ಲಿ ಹಣ್ಣು, ತರಕಾರಿ ಮಾರಿ ಬದುಕುತ್ತಿದ್ದ ಸಣ್ಣ ವ್ಯಾಪಾರಿಗಳು ಅವರು. ಸರಕು ಹೋಗುವ ಗಾಡಿಯಲ್ಲೇ ಸರಕಿನವರೂ ಹೋಗುವುದು ನಮ್ಮ ಸಂತೆಗಳ ರೂಢಿ. ಬಸ್ಸಿನ ಹೊತ್ತಿಗೂ ಸಂತೆಯ ಹೊತ್ತಿಗೂ ಹೊಂದುವುದಿಲ್ಲ, ಎರಡೆರಡು ಬಾಡಿಗೆ ತೆರುವಷ್ಟು ಲಾಭವೂ ಆ ವ್ಯಾಪಾರದಲ್ಲಿಲ್ಲ.

ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಹೆಚ್ಚುವ ಹುರುಳಿಕಾಯಿ ರಾತ್ರಿಯೆಲ್ಲ ಯಾರದೋ ನಿದ್ದೆಯನ್ನು ತಿಂದು ಬಂದಿರುತ್ತದೆ. ಸೊಪ್ಪು ಬಿಸಿಲಿಗೆ ಬಾಡುತ್ತದೆ, ಟೊಮೆಟೊ ಶಾಖಕ್ಕೆ ಮೆತ್ತಗಾಗುತ್ತದೆ, ಮಾರುಕಟ್ಟೆ ನಸುಕಿಗೆ ಮೊದಲೇ ಕಣ್ಣು ಬಿಡುತ್ತದೆ. ಹಾಗಾಗಿ ಅನ್ನದ ಪಯಣವೆಲ್ಲ ಕತ್ತಲಲ್ಲೇ ಸಾಗಬೇಕು. ಹಗಲು ಒಂದಿಷ್ಟು ಕಣ್ಣು ಮುಚ್ಚಿ, ರಾತ್ರಿ ಬೀಡಿಯ, ಟೀಯ ಬಲದಲ್ಲಿ ಎಚ್ಚರವಿರುವ ಚಾಲಕರ ಮೇಲೆ ನಗರಗಳ ಊಟ ನಿಂತಿದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಹೇಳುತ್ತದೆ. ಹೀಗಿರುವಾಗ ನಿದ್ದೆ ಬಾರದ, ಕುಡಿಯದ, ಮಂಜಿನಲ್ಲೂ ದಾರಿ ಕಾಣುವ ಯಂತ್ರವೊಂದು ಗಾಡಿ ಓಡಿಸಲು ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಆಸೆಯಿಂದಲೇ ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಂಡ ಮೇಲೆ ಒಂದು ಪ್ರಶ್ನೆ ಮಾತ್ರ ಬಿಡದೆ ಹಿಂಬಾಲಿಸುತ್ತದೆ. ಆ ಗಾಡಿ ಯಾರ ಹೊಲದ ಮುಂದೆ ನಿಲ್ಲುತ್ತದೆ?

ಗಾಡಿ ಬೇರೆ ದೇಶಗಳ ರಸ್ತೆಗೆ ಆಗಲೇ ಇಳಿದಿದೆ. 2018ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್ ಪಟ್ಟಣದಲ್ಲಿ ಕ್ರೋಗರ್ ಎಂಬ ದಿನಸಿ ಕಂಪನಿ ನ್ಯೂರೋ ಸಂಸ್ಥೆಯ ಜೊತೆಗೂಡಿ ಚಾಲಕರಿಲ್ಲದ ಗಾಡಿಗಳಲ್ಲಿ ಮನೆಮನೆಗೆ ದಿನಸಿ ತಲುಪಿಸುವ ಪ್ರಯೋಗ ನಡೆಸಿತು. ಮನುಷ್ಯರು ಕೂರಲು ಜಾಗವೇ ಇಲ್ಲದ ಪುಟ್ಟ ಗಾಡಿಗಳು ಅವು. ಒಳಗೆ ಕೂತು ನೋಡುವವರೇ ಇಲ್ಲದ್ದರಿಂದ ಪಕ್ಕದ ಕನ್ನಡಿ, ಮುಂದಿನ ಗಾಜು ಬೇಡವೆಂದು 2020ರಲ್ಲಿ ಅಲ್ಲಿನ ಸರ್ಕಾರ ಅದರ ಮುಂದಿನ ಮಾದರಿಗೆ ವಿನಾಯಿತಿಯನ್ನೂ ಕೊಟ್ಟಿತು. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಪಟ್ಟಣದಲ್ಲಿ ಎಸ್ಟೋನಿಯಾ ಮೂಲದ ಸ್ಟಾರ್‌ಶಿಪ್ ಕಂಪನಿಯ ಆರು ಚಕ್ರದ ಪೆಟ್ಟಿಗೆಗಳು 2018ರಿಂದ ಕಾಲುದಾರಿಯಲ್ಲೇ ಹರಿದಾಡಿ ಹಾಲು, ಬ್ರೆಡ್ಡು, ಮೊಟ್ಟೆ ಕೊಟ್ಟುಬರುತ್ತಿವೆ. ಅಮೆರಿಕದ ಅರ್ಕನ್ಸಾಸ್ ರಾಜ್ಯದ ಬೆಂಟನ್‌ವಿಲ್‌ನಲ್ಲಿ ಭಾರತೀಯ ಮೂಲದವರು ಕಟ್ಟಿದ ಗ್ಯಾಟಿಕ್ ಕಂಪನಿಯ ಟ್ರಕ್ಕು ವಾಲ್‌ಮಾರ್ಟಿನ ಗೋದಾಮಿಗೂ ಅಂಗಡಿಗೂ ನಡುವಿನ ಸುಮಾರು ಹನ್ನೊಂದು ಕಿಲೋಮೀಟರ್ ದಾರಿಯನ್ನು 2021ರಲ್ಲಿ ಚಾಲಕನ ಸೀಟು ಖಾಲಿ ಇಟ್ಟುಕೊಂಡೇ ಓಡಿತು. 2025ರ ಮೇ ತಿಂಗಳಲ್ಲಿ ಅರೋರಾ ಕಂಪನಿಯ ದೊಡ್ಡ ಲಾರಿಗಳು ಟೆಕ್ಸಾಸಿನ ಡಲ್ಲಾಸ್–ಹ್ಯೂಸ್ಟನ್ ಹೆದ್ದಾರಿಯಲ್ಲಿ ಹಾಗೆಯೇ ಬಾಡಿಗೆಗೆ ಹೊರಟವು. ಕೆಲವೇ ವಾರಗಳಲ್ಲಿ ಲಾರಿ ತಯಾರಿಸಿದ ಕಂಪನಿಯ ಕೋರಿಕೆಯಂತೆ ಆ ಸೀಟಿಗೆ ಮತ್ತೆ ಒಬ್ಬ ಮನುಷ್ಯನನ್ನು ನೋಡಿಕೊಳ್ಳಲು ಕೂರಿಸಬೇಕಾಯಿತು.

ಅಂಗಡಿಯಿಂದ ಮನೆಗೆ, ಗೋದಾಮಿನಿಂದ ಅಂಗಡಿಗೆ, ಒಂದು ನಗರದ ಡಿಪೊದಿಂದ ಇನ್ನೊಂದು ನಗರದ ಡಿಪೊಗೆ. ಇವುಗಳಲ್ಲಿ ಒಂದೂ ಹೊಲದ ಬದುವಿನಿಂದ ಹೊರಟದ್ದಲ್ಲ. ರೈತನ ಕೈದಾಟಿ, ತೂಕವಾಗಿ, ಬೆಲೆ ಕಟ್ಟಿಸಿಕೊಂಡು, ಪೊಟ್ಟಣ ಸೇರಿದ ಮೇಲಷ್ಟೇ ಯಂತ್ರ ಮಾಲನ್ನು ಎತ್ತಿಕೊಂಡಿದೆ. ಅದಕ್ಕೆ ಬೇಕಾದ್ದು ದಿನವೂ ಒಂದೇ ದಾರಿ, ಬಿಳಿಗೆರೆ ಎಳೆದ ರಸ್ತೆ, ಒಂದೇ ಅಳತೆಯ ಪೆಟ್ಟಿಗೆ. ಹೊಲದಲ್ಲಿ ಈ ಮೂರೂ ಸಿಗುವುದಿಲ್ಲ. ಸುಲಭದ ದಾರಿಯಲ್ಲಿ ಮೊದಲು ಕಲಿತ ತಂತ್ರಜ್ಞರನ್ನು ನಾನು ದೂರಲಾರೆ. ಆದರೆ ಯಾವ ದಾರಿಯಲ್ಲಿ ಮೊದಲು ಹಣ ಹೂಡುತ್ತಾರೋ ಆ ದಾರಿಗೇ ಮುಂದಿನ ಕಾನೂನು, ಮುಂದಿನ ರಸ್ತೆ, ಮುಂದಿನ ಸಾಲ ಎಲ್ಲವೂ ಒಲಿಯುತ್ತವೆ. ಹೊಲ ಆಮೇಲೆ ಎಂದವರಿಗೆ ಆ ಆಮೇಲೆ ಎಂದೂ ಬರದೆ ಹೋಗಬಹುದು.

ಈ ವಿಷಯವನ್ನು ನಾನು ಬೆಂಗಳೂರಿಗೂ ಕೋಲಾರಕ್ಕೂ ನಡುವೆ ಇಟ್ಟು ಯೋಚಿಸುತ್ತೇನೆ. ನಗರಕ್ಕೂ ಹೊಲಕ್ಕೂ ಇರುವ ನಂಟು ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣಗೊಂಡು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಪೈಪುಗಳಲ್ಲಿ ಏರಿ 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಕೆರೆಯಿಂದ ಇಂಗಿ ಕೊಳವೆಬಾವಿಗೆ ಬರುತ್ತದೆ, ಕೊಳವೆಬಾವಿಯಿಂದ ಟೊಮೆಟೊ ಬುಡಕ್ಕೆ. (ಆ ನೀರಿನ ಶುದ್ಧೀಕರಣ ಸಾಲದು, ಇನ್ನೂ ಒಂದು ಹಂತ ಬೇಕು ಎಂಬ ರೈತರ ಕೂಗು ನ್ಯಾಯವಾದದ್ದೇ.) ನಗರ ಬಳಸಿ ಬಿಟ್ಟ ನೀರು ಹೊಲ ಸೇರುತ್ತದೆ, ಹೊಲ ಬೆಳೆದದ್ದು ಎಪ್ಪತ್ತು ಕಿಲೋಮೀಟರಿನೊಳಗೆ ನಗರದ ತಟ್ಟೆ ಸೇರುತ್ತದೆ. ಇಷ್ಟು ಹತ್ತಿರದ ನೆರೆಹೊರೆಯವರ ನಡುವೆ ಹಣ ಹೇಗೆ ಹಂಚಿಕೆಯಾಗುತ್ತಿದೆ ಎಂದು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. 2024ರಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಅಧ್ಯಯನದಂತೆ ದೇಶದಲ್ಲಿ ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವರಿಗೆ ಸೇರುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದದ್ದು ದಾರಿಯಲ್ಲಿದೆ. ಗಾಡಿ ಬಾಡಿಗೆ, ಹಮಾಲಿ, ಕಮಿಷನ್, ಸಗಟು ಲಾಭ, ಚಿಲ್ಲರೆ ಲಾಭ, ಕೊಳೆತು ಎಸೆದದ್ದು. ದಾರಿಯನ್ನು ಬದಲಿಸುವ ಯಾವ ಯಂತ್ರವೇ ಬರಲಿ, ಅದು ಈ 67 ಪೈಸೆಯ ಪಾಲಿಗೆ ಕೈಹಾಕುತ್ತದೆ. ನೀತಿಯ ಪ್ರಶ್ನೆ ಹುಟ್ಟುವುದೂ ಅಲ್ಲೇ.

ಸಂಜೆಯ ಹೊತ್ತು ಮಾಲೂರು, ಹೊಸಕೋಟೆ, ಚಿಂತಾಮಣಿ ಕಡೆಯ ಹಳ್ಳಿಗಳ ರಸ್ತೆಬದಿಯಲ್ಲಿ ಟೊಮೆಟೊ ಕ್ರೇಟುಗಳು, ಬೀನ್ಸಿನ ಚೀಲಗಳು, ನೀರು ಚಿಮುಕಿಸಿ ಗೋಣಿಪಟ್ಟೆ ಹೊದಿಸಿದ ಕೊತ್ತಂಬರಿ, ದಂಟಿನ ಕಟ್ಟುಗಳು ಕಾಯುತ್ತಿರುತ್ತವೆ. ಟಾಟಾ ಏಸೋ ಪಿಕಪ್ಪೋ ಕ್ಯಾಂಟರೋ ಬಂದು ಒಂದೊಂದೇ ಹೊಲದವರ ಮಾಲು ಹತ್ತಿಸಿಕೊಳ್ಳುತ್ತದೆ. ಆ ಗಾಡಿಯ ಡ್ರೈವರು ನಮ್ಮ ಕೃಷಿಯ ಲೆಕ್ಕಪುಸ್ತಕಗಳಲ್ಲಿ ಎಲ್ಲೂ ಬರುವುದಿಲ್ಲ, ಬಾಡಿಗೆ ಎಂಬ ಒಂದು ಸಾಲಿನಲ್ಲಿ ಕರಗಿಹೋಗುತ್ತಾನೆ. ಅವನು ಮಾಡುವ ಕೆಲಸವನ್ನು ಬಿಡಿಸಿ ನೋಡಬೇಕು. ಯಾರ ಕ್ರೇಟು ಯಾವ ಮಂಡಿಗೆ ಎಂದು ಅವನಿಗೆ ಬಾಯಿಪಾಠ. ಮಂಡಿಯಲ್ಲಿ ಹರಾಜು ಕೂಗುವಾಗ ರೈತನ ಪರವಾಗಿ ನಿಂತಿರುವವನು ಎಷ್ಟೋ ಸಲ ಅವನೊಬ್ಬನೇ. ಪಟ್ಟಿಯನ್ನೂ ದುಡ್ಡನ್ನೂ ತಂದು ಮನೆಗೆ ಕೊಡುವವನು ಅವನು. ಬರುವಾಗ ಖಾಲಿ ಕ್ರೇಟು ತರುತ್ತಾನೆ, ಗೊಬ್ಬರದ ಮೂಟೆ ತರುತ್ತಾನೆ, ಯಾರದೋ ಅಜ್ಜಿಯ ಬಿ.ಪಿ. ಮಾತ್ರೆ ತರುತ್ತಾನೆ. “ಬೀನ್ಸು ರೇಟು ಬಿದ್ದೋಗೈತೆ ಕಣಣ್ಣೋ, ನಾಳೆ ಕೀಳ್ಬ್ಯಾಡ, ನಾಳಿದ್ದು ನೋಡಾನ” ಎಂದು ಅವನು ಕಿಟಕಿಯಿಂದ ಕೂಗಿ ಹೇಳುವ ಒಂದು ಮಾತು ಆ ಮನೆಯ ಮರುದಿನದ ಕೂಲಿ ಲೆಕ್ಕವನ್ನೇ ಬದಲಿಸುತ್ತದೆ.

ಅವನನ್ನು ದೇವರ ಪಟ ಮಾಡಿ ಗೋಡೆಗೆ ಹಾಕಬೇಕಿಲ್ಲ. ಮಂಡಿಯವರ ಜೊತೆ ಒಳಒಪ್ಪಂದ ಮಾಡಿಕೊಳ್ಳುವ ಡ್ರೈವರುಗಳೂ ಇದ್ದಾರೆ. ರೈತರಿಂದ ಕಮಿಷನ್ ಮುರಿದುಕೊಳ್ಳಬಾರದೆಂದು ಕಾನೂನಿದ್ದರೂ ಬಿಳಿಚೀಟಿಯಲ್ಲಿ ಲೆಕ್ಕ ಬರೆದು ಮುರಿದುಕೊಳ್ಳುವ ಮಾರುಕಟ್ಟೆಗಳಲ್ಲಿ, ಆ ಬಿಳಿಚೀಟಿಯನ್ನು ಹೊತ್ತು ತರುವವನೂ ಅವನೇ. ಹಾಗೆಯೇ ಅವನ ಪಾಡೂ ಸುಖದ್ದೇನಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಹದಿನೈದು ಕಿಲೋ ಕ್ರೇಟಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಟೊಮೆಟೊ ತುಂಬಿದ ವಾಹನವನ್ನೇ ಬೆಂಗಳೂರಿನ ಅಂಚಿನಲ್ಲಿ ಅಡ್ಡಗಟ್ಟಿ ಅಪಹರಿಸಿದರು. ಬೆಲೆ ಏರಿದರೆ ಕಳ್ಳರ ಭಯ, ಬೆಲೆ ಇಳಿದರೆ ಬಾಡಿಗೆಯೂ ಹುಟ್ಟದ ಭಯ. ಹೊಲದಿಂದ ನಗರಕ್ಕೆ ಇರುವ ಸಂಬಂಧದ ಒಳಿತು ಕೆಡುಕುಗಳೆರಡೂ ಇವನ ಮೈಮೇಲೆ ಹಾದುಹೋಗುತ್ತವೆ. ಯಂತ್ರ ಬಂದು ಸ್ಟೀರಿಂಗ್ ಹಿಡಿದಾಗ ಅವನು ಮಾಡುತ್ತಿದ್ದ ಒಂದು ಕೆಲಸ ಯಂತ್ರಕ್ಕೆ ಹೋಗುತ್ತದೆ. ಉಳಿದ ಹತ್ತು ಕೆಲಸಗಳು ಯಾರಿಗೆ ಹೋಗುತ್ತವೆ ಎಂದು ಕೇಳುವವರು ಕಡಿಮೆ.

ಹಾಗಾದರೆ ಯಂತ್ರ ಬೇಡವೇ? ಬೇಕು ಎಂದೇ ನನ್ನ ಮನಸ್ಸು ಹೇಳುತ್ತದೆ. ಅದಕ್ಕೆ ಕಾರಣ ವೇಗವಲ್ಲ, ಸಣ್ಣ ಹೊರೆ.

2015–16ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86ರಷ್ಟು ಎರಡು ಹೆಕ್ಟೇರಿಗಿಂತ ಸಣ್ಣವು. ಸಣ್ಣ ಹೊಲದವರಿಗೆ ದಿನವೂ ಗಾಡಿ ತುಂಬ ಮಾಲು ಎಲ್ಲಿಂದ ಬರಬೇಕು? ಮನೆ ಹಿಂದಿನ ಮೂರು ನುಗ್ಗೆಮರ, ಬದುವಿನ ಉದ್ದಕ್ಕೂ ಹಬ್ಬಿದ ಅವರೆ, ಹಿತ್ತಿಲ ಹೀರೆ, ಒಂದು ಪಾತಿ ಮೆಂತ್ಯ. ಎಲ್ಲ ಸೇರಿ ಇಪ್ಪತ್ತು ಕಿಲೋ ಆದೀತು. ಇಪ್ಪತ್ತು ಕಿಲೋಗೆ ಯಾವ ಡ್ರೈವರು ಗಾಡಿ ತಿರುಗಿಸಿಯಾನು? ಅವನಿಗೂ ಡೀಸೆಲ್ ಇದೆ, ಕಂತು ಇದೆ, ಮನೆ ಇದೆ. ಗಾಡಿ ತುಂಬಿದರೂ ಅರ್ಧ ಖಾಲಿ ಓಡಿದರೂ ಅವನ ಒಂದು ರಾತ್ರಿ ಒಂದೇ. ಹಾಗಾಗಿ ಆ ನುಗ್ಗೆ ಮರದಲ್ಲೇ ಬಲಿತು ಒಣಗುತ್ತದೆ, ಅಥವಾ ಊರಿನ ಅಂಗಡಿಗೆ ಕೇಳಿದ ಬೆಲೆಗೆ ಹೋಗುತ್ತದೆ. ಅದೇ ವಾರ ಬೆಂಗಳೂರಿನಲ್ಲಿ ನುಗ್ಗೆಕಾಯಿಗೆ ಯಾರೋ ದುಬಾರಿ ಬೆಲೆ ತೆತ್ತಿರುತ್ತಾರೆ. ರಾತ್ರಿ ಮಾರುಕಟ್ಟೆಗೆ ಹೋಗಲಾಗದ ಹೆಂಗಸರು, ಮಕ್ಕಳೆಲ್ಲ ನಗರ ಸೇರಿ ತಾವಿಬ್ಬರೇ ಉಳಿದ ಮುದುಕ ಮುದುಕಿಯರು, ದೂರದ ಮೂಲೆಯ ತೋಟದವರು, ಗಾಡಿಯವರಿಗೆ ಸಾಲ ಉಳಿಸಿಕೊಂಡು ಮುಖ ತಪ್ಪಿಸುವವರು. ಇವರಿಗೆಲ್ಲ ಈಗಿನ ದಾರಿ ಅರ್ಧ ಮುಚ್ಚಿದೆ. ಚಾಲಕನ ರಾತ್ರಿಯ ಖರ್ಚಿಲ್ಲದ, ವಿದ್ಯುತ್ತಿನಲ್ಲಿ ಓಡುವ ಒಂದು ಪುಟ್ಟ ಗಾಡಿ, ನಾಲ್ಕು ಊರುಗಳ ಅರ್ಧರ್ಧ ಕ್ರೇಟುಗಳನ್ನು ಕೂಡಿಸಿಕೊಂಡು ತಡರಾತ್ರಿ ನಿಧಾನವಾಗಿ ನಗರ ಮುಟ್ಟಿದರೆ ಈ ಜನರ ಬದುಕಿಗೆ ಅದರಿಂದ ಆಗುವ ಒಳಿತು ಸಣ್ಣದಲ್ಲ. ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯವರ 2015ರ ವರದಿಯ ಪ್ರಕಾರ ಟೊಮೆಟೊದಲ್ಲಿ ನೂರಕ್ಕೆ ಸುಮಾರು 12ರಷ್ಟು ಕಿತ್ತ ಮೇಲೆ ಹಾಳಾಗುತ್ತದೆ. ಕಾಯಿಸದೆ ಬರುವ ಗಾಡಿಯೊಂದೇ ಅದರಲ್ಲಿ ಒಂದಷ್ಟನ್ನು ಉಳಿಸಬಲ್ಲದು.

ಆಗಬಲ್ಲದ್ದು ಇದು. ಆಗುವುದು ಇದೇ ಎಂದು ನಂಬಲು ಧೈರ್ಯ ಸಾಲದು. ಯಂತ್ರಕ್ಕೆ ಸ್ವಂತದ ಆಸೆಯಿಲ್ಲ, ಅದು ಒಡೆಯನ ಲೆಕ್ಕಕ್ಕೆ ನಡೆಯುತ್ತದೆ. ಒಡೆಯ ದೊಡ್ಡ ಕಂಪನಿಯಾದರೆ ಗಾಡಿ ಡಾಂಬರು ರಸ್ತೆಯ ಪಕ್ಕದ, ಹನಿ ನೀರಾವರಿಯ, ಒಂದೇ ಗಾತ್ರದ ಕಾಯಿ ಬಿಡುವ ದೊಡ್ಡ ತೋಟದ ಮುಂದೆ ನಿಲ್ಲುತ್ತದೆ. ಮಣ್ಣು ರಸ್ತೆಯ ಕೊನೆಯ ಮನೆ ಅದರ ನಕ್ಷೆಯಲ್ಲಿ ನಷ್ಟದ ಚುಕ್ಕಿ. ಈಗಿನ ಡ್ರೈವರನ್ನು “ಅಣ್ಣಾ, ಇವತ್ತೊಂದಿನ ಬಂದೋಗು” ಎಂದು ಬೇಡಿಕೊಳ್ಳಬಹುದು. ಆ ಬೇಡಿಕೆಗೆ ಅವನು ಒಮ್ಮೆ ಬೈದು ಒಮ್ಮೆ ಕರಗುತ್ತಾನೆ. ಯಂತ್ರವನ್ನು ಯಾವ ಮಾತಿನಲ್ಲಿ ಬೇಡುವುದು?

ನಗರದ ಕಡೆಯ ತುದಿಯಲ್ಲಿ ಏನಾಗಿದೆ ನೋಡಿ. ಬೆಂಗಳೂರಿನಲ್ಲಿ ಮೊಬೈಲು ಒತ್ತಿದ ಹತ್ತು ನಿಮಿಷದಲ್ಲಿ ಕೊತ್ತಂಬರಿ ಕಟ್ಟು ಬಾಗಿಲಿಗೆ ಬರುತ್ತದೆ. ಆ ಹತ್ತು ನಿಮಿಷಕ್ಕಾಗಿ ಬೀದಿ ಬೀದಿಯಲ್ಲಿ ಗೋದಾಮು, ಸಾವಿರಾರು ಬೈಕು, ಮೈಯೆಲ್ಲ ಬೆವರಿದ ಹುಡುಗರು. ಅದೇ ಕೊತ್ತಂಬರಿ ಹೊಲದ ತುದಿಯಲ್ಲಿ ಗಾಡಿಗಾಗಿ ಎಷ್ಟು ಹೊತ್ತು ಕಾದಿತ್ತು ಎಂದು ಯಾವ ಮೊಬೈಲೂ ತೋರಿಸುವುದಿಲ್ಲ. ತಿನ್ನುವವರ ಒಂದು ನಿಮಿಷಕ್ಕೆ ಇರುವ ಬೆಲೆ ಬೆಳೆಯುವವರ ಒಂದು ರಾತ್ರಿಗೆ ಇಲ್ಲದೆ ಹೋದದ್ದು ತಂತ್ರಜ್ಞಾನದ ಕೊರತೆಯಿಂದಲ್ಲ, ನಮ್ಮ ಆಯ್ಕೆಯಿಂದ. ಚಾಲಕರಿಲ್ಲದ ಗಾಡಿಯನ್ನೂ ಇದೇ ಆಯ್ಕೆಯ ಕೈಗೆ ಕೊಟ್ಟರೆ ಹತ್ತು ನಿಮಿಷ ಎಂಟಾಗುತ್ತದೆ. ಹೊಲದ ಬದಿಯ ಕಾಯುವಿಕೆ ಹಾಗೆಯೇ ಉಳಿಯುತ್ತದೆ.

ಬೇರೆ ಥರದ ಆಯ್ಕೆಯನ್ನೂ ಇದೇ ನೆಲದಲ್ಲಿ ಜನ ಮಾಡಿದ್ದಾರೆ. ಹಾಲಿನ ಗಾಡಿಯನ್ನು ನೆನೆಯಿರಿ. ನಮ್ಮ ರಾಜ್ಯದಲ್ಲಿ ಹಾಲಿನ ಸಹಕಾರ ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಮೊದಲಾಗಿ ಇಂದು ಹಳ್ಳಿ ಹಳ್ಳಿಯಲ್ಲಿ ಡೇರಿಯಾಗಿ ನಿಂತಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಹಾಲಿನ ದುಡ್ಡಿನಲ್ಲಿ. ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಹಾಲು ಅಳೆಯುತ್ತಾರೆ. ಒಂದು ಸೀಮೆಹಸು ಕಟ್ಟಿಕೊಂಡ ವಿಧವೆಯ ಎರಡು ಲೀಟರಿಗೂ ಹತ್ತು ಹಸುವಿನವರ ನೂರು ಲೀಟರಿಗೂ ಅದೇ ಸಾಲು, ಅದೇ ಪರೀಕ್ಷೆ, ಫ್ಯಾಟಿಗೆ ತಕ್ಕ ಅದೇ ದರ. ಒಕ್ಕೂಟದ ಗಾಡಿ ಹಾಲು ಕಡಿಮೆಯೆಂದು ಆ ಊರನ್ನು ಬಿಟ್ಟು ಹೋಗುವುದಿಲ್ಲ. ಕೊನೆಯ ಊರಿಗೆ ಹೋಗುವ ಖರ್ಚನ್ನು ಎಲ್ಲ ಊರುಗಳೂ ಸೇರಿ ಹೊರುತ್ತವೆ. 2020ರ ಲಾಕ್‌ಡೌನಿನಲ್ಲಿ ಇದರ ಬೆಲೆ ಗೊತ್ತಾಯಿತು. ಏಪ್ರಿಲ್ ತಿಂಗಳಲ್ಲಿ ಗಾಡಿ ಸಿಗದೆ, ಕೊಳ್ಳುವವರು ಸಿಗದೆ ಟೊಮೆಟೊ, ಎಲೆಕೋಸು, ದ್ರಾಕ್ಷಿ ಹೊಲದಲ್ಲೇ ಮಣ್ಣಾದವು. ಹಾಲಿನ ಗಾಡಿ ನಿಲ್ಲಲಿಲ್ಲ. ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರ ಕೊಂಡು ಬಡವರ ಬಡಾವಣೆಗಳಲ್ಲಿ ಹಂಚಿತು. ಎರಡೂ ಬೇಗ ಕೆಡುವ ಪದಾರ್ಥಗಳೇ, ಬೆಳೆದವರೂ ಎಷ್ಟೋ ಕಡೆ ಒಂದೇ ಮನೆಯವರು. ಹಾಲಿಗೆ ತನ್ನದೇ ದಾರಿಯಿತ್ತು, ತರಕಾರಿ ಬೇರೆಯವರ ದಾರಿಯನ್ನು ನಂಬಿತ್ತು.

ತರಕಾರಿಗೆ ಅಂಥ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ತೋಟಗಾರಿಕೆಯ ಮಹಾಪುರುಷ ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಂಗಳೂರಿನ ಒಂದು ತಲೆಮಾರು ನ್ಯಾಯದ ಬೆಲೆಗೆ ಹಣ್ಣು ತರಕಾರಿ ತಿಂದದ್ದು ಆ ಹಸಿರು ಮಳಿಗೆಗಳಿಂದ. ಆದರೂ ಅದು ಡೇರಿಯ ಹಾಗೆ ಹಳ್ಳಿಯ ಒಳಗೆ ಬೇರು ಬಿಡಲಿಲ್ಲ. ಹಾಲು ಸೀಮೆಹಸುವಿನ ಕೆಚ್ಚಲಿಂದ ದಿನವೂ ಬರುತ್ತದೆ, ಹಾಲೆಂಬುದು ಒಂದೇ. ತರಕಾರಿಯಲ್ಲಿ ನೂರು ಬಗೆ, ಒಂದೊಂದಕ್ಕೆ ಒಂದೊಂದು ಸುಗ್ಗಿ, ದಿನಕ್ಕೊಂದು ದರ. ಇಷ್ಟು ಹರಿದು ಹಂಚಿಹೋದ ಸಣ್ಣ ಹೊರೆಗಳನ್ನು ಕೂಡಿಸುವ ಲೆಕ್ಕ ಮನುಷ್ಯರ ಕೈಗೆ ಕಷ್ಟವಾಗಿತ್ತು. ಯಾವ ಊರಲ್ಲಿ ಎಷ್ಟು ಕ್ರೇಟು ಕಾದಿದೆ, ಯಾವ ದಾರಿ ಹಿಡಿದರೆ ಎಲ್ಲವನ್ನೂ ಹೆಕ್ಕಿಕೊಂಡು ಮೂರು ಗಂಟೆಗೆ ನಗರ ಮುಟ್ಟಬಹುದು ಎಂಬ ಈ ಲೆಕ್ಕ ಗಣಕಯಂತ್ರಕ್ಕೆ ನಿಮಿಷದ ಕೆಲಸ. ಹಾಗಾಗಿಯೇ ನನಗೆ ಈ ಗಾಡಿಯ ಮೇಲೆ ಆಸೆ. ಅರವತ್ತು ವರ್ಷಗಳ ಹಿಂದೆ ಮರಿಗೌಡರಿಗೆ ಇದು ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಚಾಲಕನಿಲ್ಲದೆ ಸಾಗುವ ಗಾಡಿ ನಮ್ಮ ಹಿರಿಯರಿಗೆ ಪೂರ್ತಿ ಹೊಸದೂ ಅಲ್ಲ. ಸಂತೆ ಮುಗಿಸಿದ ಬಂಡಿಗಳು ರಾತ್ರಿ ಸಾಲಾಗಿ ಊರಿಗೆ ಮರಳುವಾಗ ಹೊಡೆಯುವವನು ಹುಲ್ಲಿನ ಮೇಲೆ ಮಲಗಿಬಿಡುತ್ತಿದ್ದ. ಅಚ್ಚಿಗೆ ಕಟ್ಟಿದ ಲಾಂದ್ರ ತೂಗಾಡುತ್ತಿತ್ತು, ಎತ್ತುಗಳು ತಮಗೆ ಗೊತ್ತಿದ್ದ ದಾರಿ ಹಿಡಿದು ಹಟ್ಟಿಯ ಮುಂದೆ ಬಂದು ನಿಲ್ಲುತ್ತಿದ್ದವು. ಅವನ ನಿದ್ದೆಗೆ ಹೆದರಿಕೆಯಿರಲಿಲ್ಲ, ಯಾಕೆಂದರೆ ಎತ್ತು ಅವನದು, ಬಂಡಿ ಅವನದು, ಎತ್ತು ಕಲಿತ ದಾರಿ ಅವನ ಮನೆಯ ದಾರಿ. ಹೊಸ ಗಾಡಿ ಕಲಿಯುವ ದಾರಿ ಯಾರ ಮನೆಯದು ಎಂಬುದರ ಮೇಲೆ ರೈತ ನೆಮ್ಮದಿಯಾಗಿ ಮಲಗಬಹುದೋ ಇಲ್ಲವೋ ನಿಂತಿದೆ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಗಂಡ ಹೆಂಡಿರ ಕಾಯಕವೂ ದಾಸೋಹವೂ ಅದರಲ್ಲೇ ನಡೆಯುತ್ತಿದ್ದವು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಈ ಹೆಚ್ಚಿನದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಕಥೆಯನ್ನು ಅತಿಯಾಸೆಯ ಪಾಠವೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನನಗೆ ಅದರಲ್ಲಿ ಇನ್ನೂ ಗಟ್ಟಿಯಾದ ಒಂದು ಲೆಕ್ಕ ಕಾಣುತ್ತದೆ. ಕೆಲಸ ಸಲೀಸಾಗಿ, ಕೈಗೆ ಹೆಚ್ಚು ಬಂದಾಗ, ಆ ಹೆಚ್ಚಳ ಯಾರದು ಎಂದು ಬಾಗಿಲಲ್ಲೇ ತಡೆದು ಕೇಳುವ ಲೆಕ್ಕ ಅದು.

ಗಾಡಿಯಲ್ಲಿ ಚಾಲಕ ಇಲ್ಲದೆ ಹೋದರೆ ಅವನ ಕೂಲಿ ಉಳಿಯುತ್ತದೆ. ಅಪಘಾತ ಕಡಿಮೆಯಾದರೆ ವಿಮೆ ಉಳಿಯುತ್ತದೆ. ಕೊಳೆಯುವುದು ಕಡಿಮೆಯಾದರೆ ಮಾಲು ಉಳಿಯುತ್ತದೆ. ಹೀಗೆ ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಬೆಳೆದವರ 33 ಪೈಸೆ 40 ಆಗಬಹುದು. ತಿನ್ನುವವರಿಗೆ ಬೆಲೆ ಇಳಿಯಬಹುದು. ಕೆಲಸ ಕಳೆದುಕೊಂಡವರ ಮನೆಗೆ ಒಂದು ಪಾಲು ಸೇರಬಹುದು. ಅಥವಾ ಎಲ್ಲವೂ ಗಾಡಿಯ ಒಡೆಯರ ಲಾಭದ ಖಾತೆಗೆ ಇಳಿಯಬಹುದು. ಸುಮ್ಮನೆ ಬಿಟ್ಟರೆ ಆಗುವುದು ಕೊನೆಯದೇ. ಈ ಮಾತನ್ನು ಯಾರ ಮೇಲಿನ ಕೋಪದಿಂದಲೂ ಹೇಳುತ್ತಿಲ್ಲ. ಲಾಭವನ್ನು ಲೆಕ್ಕ ಹಾಕಿದವರ ಕಡೆಗೇ ಲಾಭ ಹರಿಯುತ್ತದೆ. ಬೇರೆಯವರೂ ಕೂತು ಲೆಕ್ಕ ಹಾಕಿದರೆ ಮಾತ್ರ ಅದು ಬೇರೆ ಕಡೆಗೂ ಹರಿದೀತು.

ಚಾಲಕರ ಮಾತಂತೂ ಇನ್ನೂ ಬಿಗಿಯಾದದ್ದು. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮಾತನಾಡುತ್ತ, ಎಪ್ಪತ್ತು ಎಂಬತ್ತು ಲಕ್ಷ ಚಾಲಕರ ಕೆಲಸ ಹೋಗುತ್ತದೆ, ಹಾಗಾಗಿ ಚಾಲಕರಿಲ್ಲದ ಕಾರುಗಳನ್ನು ದೇಶಕ್ಕೆ ಬಿಡುವುದಿಲ್ಲ ಎಂದಿದ್ದರು. ಆ ಮಾತಿನ ಹಿಂದಿನ ಕಳಕಳಿಗೆ ಗೌರವ ಕೊಡುತ್ತಲೇ ಹೇಳಬೇಕು, ಬಾಗಿಲು ಹಾಕಿಕೊಂಡು ಕೂರುವುದು ಹೆಚ್ಚು ದಿನ ನಡೆಯುವುದಿಲ್ಲ. ಬೆಂಗಳೂರು, ಭೋಪಾಲಗಳಲ್ಲೇ ನಮ್ಮ ಹುಡುಗರು ಇಂಥ ಗಾಡಿಗಳನ್ನು ಕಟ್ಟುತ್ತಿದ್ದಾರೆ. ಬಾಗಿಲು ತೆರೆಯುವ ದಿನಕ್ಕೆ ಏನು ಸಿದ್ಧತೆ ಮಾಡಿಕೊಂಡಿದ್ದೇವೆ ಎಂದು ಕೇಳಿಕೊಳ್ಳುವುದು ಮೇಲು. ಕರ್ನಾಟಕ 2025ರಲ್ಲಿ ಗಿಗ್ ಕೆಲಸಗಾರರಿಗಾಗಿ ತಂದ ಕಾನೂನು ಇಲ್ಲಿ ದಾರಿ ತೋರಿಸುತ್ತದೆ. ಆ್ಯಪ್ ಕಂಪನಿಗಳು ಪ್ರತಿ ವ್ಯವಹಾರದಲ್ಲೂ ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇಕಡಾ ಒಂದರಿಂದ ಐದರಷ್ಟನ್ನು ಅವರ ಕಲ್ಯಾಣ ನಿಧಿಗೆ ಕಟ್ಟಬೇಕೆಂದು ಅದು ಹೇಳುತ್ತದೆ. ಚಾಲಕರಿಲ್ಲದೆ ಓಡುವ ಪ್ರತಿ ಸರಕು ಗಾಡಿಯ ಬಾಡಿಗೆಯಿಂದಲೂ ಹಾಗೆಯೇ ಒಂದು ಪಾಲು ತೆಗೆದು ಆ ದಾರಿಯಲ್ಲಿ ಹಿಂದೆ ದುಡಿಯುತ್ತಿದ್ದವರಿಗೆ ಸಲ್ಲಿಸಬೇಕು. ಇದನ್ನು ಉಪಕಾರವೆಂದು ಕರೆಯಬಾರದು. ಯಂತ್ರ ಕಲಿತ ದಾರಿಯನ್ನು ಮೊದಲು ಸವೆಸಿದವರು ಅವರು. ಅವರ ಗಾಡಿಗಳ ಓಡಾಟವನ್ನು ದಾಖಲಿಸಿಯೇ ಯಂತ್ರ ಪಾಠ ಕಲಿಯುತ್ತದೆ.

ಹಳ್ಳಿಯ ರಸ್ತೆಯೂ ತನ್ನ ಮಾತು ಹೇಳುತ್ತದೆ. ಸುಗ್ಗಿಯಲ್ಲಿ ನಮ್ಮ ಕಡೆ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ, ಹೋಗುವ ಬರುವ ಗಾಡಿಯ ಚಕ್ರಗಳೇ ಒಕ್ಕಣೆ ಮಾಡಲೆಂದು. ಕಣ ಮಾಡುವ ಜಾಗ ಮನೆಯಾಯಿತು, ರೋಣಗಲ್ಲು ಮೂಲೆ ಸೇರಿತು. ಕಾನೂನಿನ ಕಣ್ಣಿಗೆ ಇದು ತಪ್ಪು, ಬೈಕಿನವರು ಜಾರಿ ಬಿದ್ದು ಸತ್ತದ್ದೂ ಉಂಟು. ಮನುಷ್ಯ ಚಾಲಕ ಗೊಣಗುತ್ತಾ ನಿಧಾನಕ್ಕೆ ಹಾಯಿಸಿಕೊಂಡು ಹೋಗುತ್ತಾನೆ. ಯಂತ್ರ ನಿಂತುಬಿಡುತ್ತದೆ. ನಾಳೆ ಅದರ ದೂರು ತಾಲ್ಲೂಕು ಕಚೇರಿಗೆ ಹೋಗುತ್ತದೆ, ನಾಳಿದ್ದು ರಸ್ತೆಯಿಂದ ಹುರುಳಿಯನ್ನೂ ದನವನ್ನೂ ಆಟವಾಡುವ ಮಕ್ಕಳನ್ನೂ ಸರಿಸುವ ಆದೇಶ ಬರುತ್ತದೆ. ಗಾಡಿಗಾಗಿ ಊರು ಬದಲಾಗಬೇಕೋ ಊರಿಗಾಗಿ ಗಾಡಿಯೋ ಎಂಬುದನ್ನು ಊರಿನವರನ್ನು ಕೇಳದೆ ತೀರ್ಮಾನಿಸಬಾರದು. ಒಂದು ಊರಿಗೆ ಒಂದು ಸಿಮೆಂಟು ಕಣ ಕಟ್ಟಿಸಿಕೊಟ್ಟರೆ ಎಷ್ಟೋ ಕಡೆ ಆ ಜಗಳ ಹುಟ್ಟುವುದೇ ಇಲ್ಲ. ಅದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಗಿಲ್ಲ.

ನನ್ನ ಕೈಯಲ್ಲಿ ಅಧಿಕಾರವಿದ್ದಿದ್ದರೆ ಈ ಗಾಡಿಯ ಮೊದಲ ಪ್ರಯೋಗವನ್ನು ನಗರದ ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಮಾಡುತ್ತಿರಲಿಲ್ಲ. ಮಾಲೂರಿನದೋ ಶ್ರೀನಿವಾಸಪುರದದೋ ಒಂದು ಹಾಲಿನ ರೂಟಿನಲ್ಲಿ ಮಾಡುತ್ತಿದ್ದೆ. ದಾರಿ ದಿನವೂ ಒಂದೇ, ಹೊತ್ತು ಗೊತ್ತಿರುವಂಥದ್ದು, ಡೇರಿಯ ಕಟ್ಟಡವಿದೆ, ಕರೆಂಟಿದೆ, ಲೆಕ್ಕ ಬರೆಯುವ ಕಾರ್ಯದರ್ಶಿ ಇದ್ದಾರೆ, ರೈತರ ಬ್ಯಾಂಕ್ ಖಾತೆಗಳು ಮೊದಲೇ ಜೋಡಣೆಯಾಗಿವೆ. ಹಾಲು ಅಳೆಯುವ ಜಾಗದಲ್ಲೇ ಸಂಜೆ ತರಕಾರಿ ತೂಗಬಹುದು. ಹೆದ್ದಾರಿಯ ಉದ್ದದ ದಾರಿಯನ್ನು ಯಂತ್ರ ಓಡಿಸಲಿ, ನಿದ್ದೆ ಕಾಡುವುದು ಅಲ್ಲೇ. ಹಳ್ಳಿಯೊಳಗಿನ ಎಂಟು ಹತ್ತು ಕಿಲೋಮೀಟರನ್ನು ಆ ಊರಿನ ಡ್ರೈವರೇ ಓಡಿಸಲಿ. ರಾತ್ರಿ ಹತ್ತಕ್ಕೆ ಅವನು ಮನೆಗೆ ಹೋಗಿ ಮಲಗಲಿ. ಬೆಳಿಗ್ಗೆ ಅವನನ್ನು ಸಂಘದ ಪರವಾಗಿ ಮಂಡಿಯಲ್ಲಿ ನಿಂತು ಹರಾಜು ನೋಡುವವನಾಗಿ ಕಳಿಸಬಹುದು. ಆ ಕಲೆ ಅವನಿಗೆ ಬರುತ್ತದೆ, ಇನ್ನು ಮುಂದೆ ಅದಕ್ಕೆ ಸಂಬಳವೂ ಬರುತ್ತದೆ.

ಗಾಡಿಯನ್ನು ಸಂಘವೇ ಕೊಳ್ಳಬೇಕೆಂದೇನಿಲ್ಲ, ಅಷ್ಟು ಬಂಡವಾಳ ಅದಕ್ಕೆಲ್ಲಿ? ಬಾಡಿಗೆಗೆ ತರಬಹುದು. ಆದರೆ ಕರಾರಿನಲ್ಲಿ ಕೆಲವು ಮಾತುಗಳನ್ನು ಕನ್ನಡದಲ್ಲಿ, ಎಲ್ಲರಿಗೂ ಓದಿ ಹೇಳಿ, ಬರೆಸಲೇಬೇಕು. ಒಂದೇ ಕ್ರೇಟು ಇದ್ದರೂ ಗಾಡಿ ನಿಲ್ಲಬೇಕು. ದಾರಿಯಲ್ಲಿ ಮಾಲು ಕೆಟ್ಟರೆ ನಷ್ಟ ಯಾರದೆಂದು ಮೊದಲೇ ಗೊತ್ತಾಗಬೇಕು, ಯಂತ್ರದ ತಪ್ಪೆಂದು ಕೈಕೊಡವಿಕೊಳ್ಳುವಂತಿರಬಾರದು. ಯಾರ ಹೊಲದಲ್ಲಿ ಯಾವಾಗ ಏನು ಬೆಳೆಯುತ್ತದೆ ಎಂದು ಆ ಗಾಡಿ ಕೂಡಿಹಾಕುವ ಮಾಹಿತಿ ಸಂಘದ ಸ್ವತ್ತಾಗಿರಬೇಕು. ಇಲ್ಲವಾದರೆ ಮುಂದಿನ ವರ್ಷ ಇದೇ ಮಾಹಿತಿ ಹಿಡಿದು ಇದೇ ರೈತರ ಬೆಲೆ ಇಳಿಸಲು ಯಾರೋ ಬರುತ್ತಾರೆ. ಮತ್ತು ಡೇರಿಯ ಗೋಡೆಯ ಮೇಲೆ ಹಾಲಿನ ದರಪಟ್ಟಿ ಅಂಟಿಸಿರುವಲ್ಲೇ, ಅದರ ಪಕ್ಕದಲ್ಲಿ, ನಿನ್ನೆ ರಾತ್ರಿ ಈ ಊರಿನಿಂದ ಎಷ್ಟು ಕ್ರೇಟು ಹೋಯಿತು, ನಗರದಲ್ಲಿ ಏನು ದರಕ್ಕೆ ಮಾರಾಟವಾಯಿತು, ಗಾಡಿಗೆ ಎಷ್ಟು ಮುರಿದುಕೊಂಡರು ಎಂದು ದಿನವೂ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯಬೇಕು. ಹಾಲು ಹಾಕಲು ಬಂದವರೆಲ್ಲ ನಿಂತು ಅದನ್ನು ಓದುತ್ತಾರೆ, ಲೆಕ್ಕ ತಪ್ಪಿದ್ದರೆ ಅಲ್ಲೇ ಕೇಳುತ್ತಾರೆ.